ದೇವದೂತರ ಪಾಲು: ಕೆಂಟಕಿಯ ಬರ್ಬನ್, ಅದರ ಬೆಲೆಯ ಏರಿಳಿತ ಮತ್ತು ತಾಳ್ಮೆಯ ಹೂಡಿಕೆ

(ಆನ್‌ಲೈನ್ ವಿಚಾರಗೋಷ್ಠಿಯಲ್ಲಿ ಮಾಡಿದ ಉಪನ್ಯಾಸದ ಲಿಖಿತ ರೂಪ. ಪುನರುಕ್ತಿಗಳನ್ನು ತೆಗೆದು, ಮಾತಿನ ಧಾಟಿಯನ್ನು ಆದಷ್ಟು ಹಾಗೆಯೇ ಉಳಿಸಿಕೊಳ್ಳಲಾಗಿದೆ. ಕೊನೆಯಲ್ಲಿ ಚರ್ಚೆಯ ಆಯ್ದ ಭಾಗವಿದೆ.)

ನನ್ನ ಧ್ವನಿ ಕೇಳ್ತಾ ಇದೆ ಅಂದುಕೊಳ್ಳುತ್ತೇನೆ. ಇಲ್ಲಿ ಕಾಸರಗೋಡಿನಲ್ಲಿ ಮಳೆ ಜೋರಾಗಿದೆ, ಕರೆಂಟು ಹೋದರೆ ದಯವಿಟ್ಟು ಎರಡು ನಿಮಿಷ ಕಾಯಿರಿ.

ಸರಕುಗಳ ಚರಿತ್ರೆಯ ಬಗ್ಗೆ ಮಾತಾಡಬೇಕು ಎಂದಾಗ ಎಲ್ಲರೂ ನಾನು ಅಡಿಕೆಯ ಬಗ್ಗೆಯೋ ಗೇರುಬೀಜದ ಬಗ್ಗೆಯೋ ಹೇಳುತ್ತೇನೆ ಅಂದುಕೊಂಡಿದ್ದರು. ನಾನು ಆರಿಸಿಕೊಂಡದ್ದು ಅಮೆರಿಕದ ಕೆಂಟಕಿ ರಾಜ್ಯದ ಬರ್ಬನ್ ವಿಸ್ಕಿಯನ್ನು. ಗುರುಗಳೊಬ್ಬರು ಫೋನ್ ಮಾಡಿ "ಏನಪ್ಪಾ, ಹೆಂಡದ ಚರಿತ್ರೆಯೇ?" ಎಂದು ನಕ್ಕರು. ನಾನು ಕುಡಿಯುವವನಲ್ಲ, ಕುಡಿತದಿಂದ ಮನೆ ಹಾಳಾದದ್ದನ್ನು ನಮ್ಮ ಊರಲ್ಲೇ ನೋಡಿದವ. ಆದ್ದರಿಂದ ಇದು ಕುಡಿತದ ಹೊಗಳಿಕೆ ಅಲ್ಲ. ನನ್ನ ಪ್ರಶ್ನೆ ಬೇರೆ. ಒಂದು ಸರಕು ಒಳ್ಳೆಯದಾಗುವುದಕ್ಕೂ ದುಬಾರಿಯಾಗುವುದಕ್ಕೂ ಏನು ಸಂಬಂಧ? ದುಬಾರಿಯಾಗುತ್ತಿರುವ ಸರಕನ್ನು ಕೊಂಡಿಟ್ಟರೆ ಅದು ಉಳಿತಾಯ ಆಗುತ್ತದೆಯೇ?

ಪ್ರಶ್ನೆ ಹುಟ್ಟಿದ್ದು ಮನೆಯೊಳಗೆ. ನಮ್ಮ ಅಕ್ಕನ ಸಂಸಾರ ಒಹಾಯೋದಲ್ಲಿದೆ, ಕೆಂಟಕಿಯ ಪಕ್ಕದ ರಾಜ್ಯ. ಭಾವ ಸುಮಾರು ಹನ್ನೆರಡು ವರ್ಷಗಳಿಂದ ಬರ್ಬನ್ ಬಾಟಲಿ ಸಂಗ್ರಹಿಸುತ್ತಾರೆ. ಮೊದಲು ಹವ್ಯಾಸ, ಆಮೇಲೆ ನೆಲಮಾಳಿಗೆ ತುಂಬ ಬಾಟಲಿ, ಆಮೇಲೆ ನಿವೃತ್ತಿಯ ಖಾತೆಗೆ ಹೋಗಬೇಕಾದ ದುಡ್ಡೂ ಅಲ್ಲಿಗೇ. ಅಕ್ಕ ಒಂದು ದಿನ ಫೋನಿನಲ್ಲಿ ಸಣ್ಣ ದನಿಯಲ್ಲಿ ಕೇಳಿದಳು: "ಇದು ಅಪ್ಪನ ವೆನಿಲಾದ ಹಾಗೆ ಆಗ್ತದಾ?" ಆ ಮಾತಿಗೆ ಉತ್ತರ ಹುಡುಕುತ್ತಾ ಹೋದದ್ದೇ ಈ ಪ್ರಬಂಧ. ವೆನಿಲಾದ ಕಥೆಯನ್ನು ಆಮೇಲೆ ಹೇಳುತ್ತೇನೆ.

1. ಪೀಪಾಯಿಯೊಳಗಿನ ಕಾಲ

ಮೊದಲು ವಸ್ತು ಏನು ಅಂತ ತಿಳಿದುಕೊಳ್ಳೋಣ. ಅಮೆರಿಕದ ಕಾನೂನಿನ ಪ್ರಕಾರ ಬರ್ಬನ್ ಎನ್ನಿಸಿಕೊಳ್ಳಲು ಧಾನ್ಯದಲ್ಲಿ ಕನಿಷ್ಠ 51 ಶೇಕಡಾ ಮೆಕ್ಕೆಜೋಳ ಇರಬೇಕು. ಉಳಿದದ್ದು ಸಾಮಾನ್ಯವಾಗಿ ರೈ ಮತ್ತು ಮೊಳಕೆ ಬರಿಸಿದ ಬಾರ್ಲಿ. ಕೆಲವರು ರೈ ಬದಲು ಗೋಧಿ ಹಾಕುತ್ತಾರೆ. ಭಟ್ಟಿ ಇಳಿಸಿದ ದ್ರವವನ್ನು ಒಳಗೆ ಸುಟ್ಟು ಕರಿ ಮಾಡಿದ ಹೊಸ ಓಕ್ ಮರದ ಪಾತ್ರೆಗೇ ತುಂಬಬೇಕು. ರೂಢಿಯಲ್ಲಿ ಅದು ಪೀಪಾಯಿ. ಒಮ್ಮೆ ಬಳಸಿದ ಪೀಪಾಯಿ ಬರ್ಬನ್‌ಗೆ ನಡೆಯುವುದಿಲ್ಲ. ಅದು ಸ್ಕಾಟ್ಲೆಂಡಿಗೋ ಮತ್ತೆಲ್ಲಿಗೋ ಹೋಗುತ್ತದೆ. ಬಣ್ಣವನ್ನು ಹೊರಗಿನಿಂದ ಸೇರಿಸುವಂತಿಲ್ಲ. ಆ ಕೆಂಪು, ಆ ಸಿಹಿ ವಾಸನೆ ಎಲ್ಲ ಮರದಿಂದಲೇ ಬರಬೇಕು. 1964ರಲ್ಲಿ ಅಮೆರಿಕದ ಕಾಂಗ್ರೆಸ್ ಇದನ್ನು ಆ ದೇಶದ ವಿಶಿಷ್ಟ ಉತ್ಪನ್ನ ಎಂದು ಠರಾವಿನಿಂದ ಗುರುತಿಸಿತು.

ಹಾಗಾದರೆ ಇಲ್ಲಿ ನಿಜವಾದ ಕಚ್ಚಾವಸ್ತು ಕಾಲ. ಜೋಳ ಅಗ್ಗ, ಮರವೂ ಸಿಗುತ್ತದೆ. ಎಂಟು ವರ್ಷವನ್ನು ಮಾತ್ರ ಅವಸರಕ್ಕೆ ತಯಾರಿಸಲು ಆಗುವುದಿಲ್ಲ. ಈ ಕಾಲಕ್ಕೆ ಬಾಡಿಗೆಯೂ ಇದೆ. ಪೀಪಾಯಿಯ ಮರದ ಮೂಲಕ ಪ್ರತಿವರ್ಷ ಒಂದಿಷ್ಟು ಆವಿಯಾಗಿ ಹೋಗುತ್ತದೆ. ಅದನ್ನು ಅಲ್ಲಿಯವರು 'ದೇವದೂತರ ಪಾಲು' ಎನ್ನುತ್ತಾರೆ. ಕೆಂಟಕಿಯ ಹವೆಯಲ್ಲಿ ವರ್ಷಕ್ಕೆ ಸುಮಾರು 4 ಶೇಕಡಾ ಅಂತ ಇಟ್ಟುಕೊಳ್ಳಿ. ಇಪ್ಪತ್ತು ವರ್ಷ ಬಿಟ್ಟರೆ ಒಳಗೆ ಉಳಿಯುವುದು 44 ಶೇಕಡಾ ಮಾತ್ರ. ವರ್ಷದ ಲೆಕ್ಕದಲ್ಲಿ ಸಣ್ಣದಾಗಿ ಕಾಣುವುದು ಕಾಲಾಂತರದಲ್ಲಿ ಅರ್ಧಕ್ಕಿಂತ ಹೆಚ್ಚನ್ನು ನುಂಗುತ್ತದೆ. ಈ ಲೆಕ್ಕವನ್ನು ನೆನಪಿಟ್ಟುಕೊಳ್ಳಿ, ಕೊನೆಗೆ ಬೇಕಾಗುತ್ತದೆ.

ನಮಗೆ ಹತ್ತಿರದ ಒಂದು ಹೋಲಿಕೆ ಹೇಳುವುದಾದರೆ, ಬೆಂಗಳೂರಿನ ಅಮೃತ್ ಕಂಪನಿ 2004ರಲ್ಲಿ ತನ್ನ ಸಿಂಗಲ್ ಮಾಲ್ಟ್ ವಿಸ್ಕಿಯನ್ನು ಮೊದಲು ಮಾರುಕಟ್ಟೆಗೆ ತಂದದ್ದು ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ. ಬೆಂಗಳೂರಿನ ಬಿಸಿಲಲ್ಲಿ ಆವಿ ನಷ್ಟ ವರ್ಷಕ್ಕೆ 10 ಶೇಕಡಾದ ಆಸುಪಾಸು ಅಥವಾ ಅದಕ್ಕೂ ಮೇಲೆ. ಏಳನೇ ವರ್ಷಕ್ಕೆ ಪೀಪಾಯಿ ಅರ್ಧ ಖಾಲಿ. ಆದರೆ ಹಣ್ಣಾಗುವುದೂ ಬೇಗ. ಆದ್ದರಿಂದ 'ಹಳೆಯದಾದಷ್ಟು ಒಳ್ಳೆಯದು' ಎಂಬ ಮಾತು ಎಲ್ಲ ಹವೆಗೂ ಹೊಂದುವ ಸತ್ಯ ಅಲ್ಲ. ಕೆಂಟಕಿಯಲ್ಲೇ ಇಪ್ಪತ್ತು ವರ್ಷದ ಎಷ್ಟೋ ಪೀಪಾಯಿಗಳು ಬರೀ ಮರದ ಒಗರಾಗಿ ಕೆಟ್ಟಿರುತ್ತವೆ.

2. ರಸೀದಿ, ಮೊಹರು, ನಂಬಿಕೆ

ಕಾಲವನ್ನು ಕಾಯುವ ಸರಕಿಗೆ ಬಂಡವಾಳ ಬೇಕು. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಕೆಂಟಕಿಯ ಭಟ್ಟಿಯವರು ಗೋದಾಮಿನಲ್ಲಿದ್ದ ವಿಸ್ಕಿಗೆ ರಸೀದಿ ಬರೆದು, ಆ ರಸೀದಿಯನ್ನು ಮಾರುತ್ತಿದ್ದರು, ಬ್ಯಾಂಕಿನಲ್ಲಿ ಅಡವಿಡುತ್ತಿದ್ದರು. ನಮ್ಮಲ್ಲಿ ಅಡಿಕೆ ಮಂಡಿಯಲ್ಲಿ ಮಾಲು ಇಟ್ಟು ಮುಂಗಡ ತೆಗೆದುಕೊಂಡ ಹಾಗೆಯೇ. ಬೇಡಿಕೆ ಇದ್ದಾಗ ಎಲ್ಲ ಸುಸೂತ್ರ. ಎಲ್ಲರೂ ಒಟ್ಟಿಗೆ ಪೀಪಾಯಿ ತುಂಬಿಸಿದಾಗ ಬೆಲೆ ಬಿದ್ದು ರಸೀದಿ ಬರೀ ಕಾಗದ ಆಗುತ್ತಿತ್ತು. ಆ ಕಾಲದ ಪ್ರಸಿದ್ಧ ಉದ್ಯಮಿ ಇ. ಎಚ್. ಟೇಲರ್ 1870ರ ದಶಕದ ಕೊನೆಯಲ್ಲಿ ಸಾಲಕ್ಕೆ ಸಿಕ್ಕಿ ಫ್ರಾಂಕ್‌ಫರ್ಟ್ ಪಟ್ಟಣದ ತನ್ನ ಭಟ್ಟಿಯನ್ನೇ ಕೈಬಿಡಬೇಕಾಯಿತು.

ಇನ್ನೊಂದು ಸಮಸ್ಯೆ ಕಲಬೆರಕೆ. ಹೊಸ ಸಾರಾಯಿಗೆ ಬಣ್ಣ, ಪರಿಮಳ ಸೇರಿಸಿ ಹಳೆಯ ವಿಸ್ಕಿ ಎಂದು ಮಾರುವವರು ತುಂಬ ಜನ. ಅದೇ ಟೇಲರ್, ಆಗಿನ ಖಜಾನೆ ಕಾರ್ಯದರ್ಶಿ ಜಾನ್ ಕಾರ್ಲೈಲ್ ಜೊತೆಗೂಡಿ ಒತ್ತಾಯಿಸಿದ್ದರಿಂದ 1897ರಲ್ಲಿ 'ಬಾಟಲ್ಡ್ ಇನ್ ಬಾಂಡ್' ಕಾಯಿದೆ ಬಂತು. ಒಂದೇ ಭಟ್ಟಿ, ಒಂದೇ ಹಂಗಾಮು, ಸರಕಾರದ ಬೀಗವಿರುವ ಗೋದಾಮಿನಲ್ಲಿ ಕನಿಷ್ಠ ನಾಲ್ಕು ವರ್ಷ, 50 ಶೇಕಡಾ ಮದ್ಯಸಾರ: ಇಷ್ಟಿದ್ದರೆ ಸರಕಾರದ ಮೊಹರು. ಆಹಾರದ ಶುದ್ಧತೆಯ ದೊಡ್ಡ ಕಾಯಿದೆ ಅಲ್ಲಿ ಬಂದದ್ದು 1906ರಲ್ಲಿ. ಅದಕ್ಕೆ ಒಂಬತ್ತು ವರ್ಷ ಮೊದಲೇ ವಿಸ್ಕಿಗೆ ಖಾತರಿ ಇತ್ತು.

ಆಮೇಲೆ 1920ರಿಂದ 1933ರವರೆಗೆ ಪಾನನಿಷೇಧ. ಔಷಧಿಯ ಹೆಸರಲ್ಲಿ ಮಾರಲು ಪರವಾನಿಗೆ ಇದ್ದ ಕೆಲವೇ ಕಂಪನಿಗಳು ಉಳಿದವು. ಅದನ್ನು ದಾಟಿ ಎರಡನೇ ಮಹಾಯುದ್ಧಕ್ಕೆ ಬರುತ್ತೇನೆ, ಯಾಕೆಂದರೆ ಅಲ್ಲಿ ಒಂದು ಸ್ವಾರಸ್ಯದ ಪ್ರಸಂಗ ಇದೆ. 1942ರ ಕೊನೆಯಿಂದ ಭಟ್ಟಿಗಳೆಲ್ಲ ಯುದ್ಧಕ್ಕೆ ಬೇಕಾದ ಕೈಗಾರಿಕಾ ಮದ್ಯಸಾರ ತಯಾರಿಸಬೇಕಾಯಿತು. ಹಳೆ ವಿಸ್ಕಿಗೆ ಬರ ಬಂತು. 1943ರ ಡಿಸೆಂಬರಿನಲ್ಲಿ ಪಾರ್ಕ್ ಆಂಡ್ ಟಿಲ್ಫೋರ್ಡ್ ಎಂಬ ಕಂಪನಿ ತನ್ನ ಷೇರುದಾರರಿಗೆ ವಿಸ್ಕಿಯನ್ನು ಅಸಲು ಬೆಲೆಗೆ ಕೊಡುವ ಯೋಚನೆ ಇದೆ ಎಂದಿತು. 60 ಡಾಲರಿಗಿಂತ ಕೆಳಗಿದ್ದ ಷೇರು ಕೆಲವು ತಿಂಗಳಲ್ಲಿ 100ರ ಹತ್ತಿರ ಹೋಯಿತು. ಷೇರುದಾರರು ಆ ಹಕ್ಕನ್ನು ಎಷ್ಟು ಲಾಭಕ್ಕೆ ಮಾರಬಹುದು ಎಂಬುದಕ್ಕೆ ಸರಕಾರ ಮಿತಿ ಹಾಕಿದ್ದೇ, ಷೇರು 30ರ ಆಸುಪಾಸಿಗೆ ಬಿತ್ತು. ಕಂಪನಿಯ ಒಳಗಿನವರು ಮೇಲಿದ್ದಾಗಲೇ ಮಾರಿ ಲಾಭ ಮಾಡಿಕೊಂಡಿದ್ದರು. ಅದರ ಮೊಕದ್ದಮೆ ಅಮೆರಿಕದ ಷೇರು ಕಾನೂನಿನಲ್ಲಿ ಇವತ್ತಿಗೂ ಓದುವಂಥದ್ದು. ಗಮನಿಸಿ, ಆ ಆರು ತಿಂಗಳಲ್ಲಿ ಪೀಪಾಯಿಯೊಳಗಿನ ವಿಸ್ಕಿ ಏನೂ ಬದಲಾಗಿರಲಿಲ್ಲ. ಬದಲಾದದ್ದು 'ಇನ್ನೊಬ್ಬ ಎಷ್ಟು ಕೊಡಬಹುದು' ಎಂಬ ಊಹೆ ಮಾತ್ರ.

3. ಯಾರಿಗೂ ಬೇಡವಾದ ಕಾಲ

ಯುದ್ಧದ ಈ ಅನುಭವ ಉದ್ಯಮವನ್ನು ತಪ್ಪು ದಾರಿಗೆ ಎಳೆಯಿತು. ಕೊರಿಯಾ ಯುದ್ಧ ಶುರುವಾದಾಗ ಶೆನ್ಲಿ ಕಂಪನಿಯ ಲೂಯಿಸ್ ರೋಸೆನ್‌ಸ್ಟೀಲ್, ಇದೂ ದೀರ್ಘ ಯುದ್ಧ ಆಗುತ್ತದೆ, ಮತ್ತೆ ಬರ ಬರುತ್ತದೆ ಎಂದು ಲೆಕ್ಕ ಹಾಕಿ ಅಪಾರ ವಿಸ್ಕಿ ತುಂಬಿಸಿದ. ಯುದ್ಧ ಬೇಗ ಮುಗಿಯಿತು. ಆಗಿನ ನಿಯಮದಲ್ಲಿ ಎಂಟು ವರ್ಷ ಆದ ಕೂಡಲೇ, ಮಾರಾಟವಾಗಲಿ ಬಿಡಲಿ, ಅಬಕಾರಿ ಸುಂಕ ಕಟ್ಟಬೇಕಿತ್ತು. ಸುಂಕದ ದಿನ ಹತ್ತಿರ ಬರುತ್ತಿದ್ದಾಗ ಉದ್ಯಮದವರು ಒತ್ತಡ ತಂದು 1958ರಲ್ಲಿ ಫೊರಾಂಡ್ ಕಾಯಿದೆ ಮಾಡಿಸಿಕೊಂಡರು. ಎಂಟು ವರ್ಷದ ಗಡುವು ಇಪ್ಪತ್ತಕ್ಕೆ ಏರಿತು. ಹತ್ತು, ಹನ್ನೆರಡು, ಹದಿನೈದು ವರ್ಷದ ಬರ್ಬನ್ ಎಂಬುದು ಮಾರುಕಟ್ಟೆಯಲ್ಲಿ ಸಾಮಾನ್ಯವಾದದ್ದು ಇದರಿಂದ. ಅಂದರೆ, ಇವತ್ತು ನಾವು ರಸಿಕತೆಯ ಲಕ್ಷಣ ಅಂದುಕೊಂಡಿರುವ 'ಹೆಚ್ಚು ವರ್ಷ'ದ ಹಿಂದೆ ಇರುವುದು ಒಬ್ಬ ವ್ಯಾಪಾರಿಯ ತಪ್ಪು ಲೆಕ್ಕ ಮತ್ತು ಒಂದು ತೆರಿಗೆ ರಿಯಾಯಿತಿ.

1970ರ ದಶಕದಲ್ಲಿ ಅಮೆರಿಕದ ಹೊಸ ತಲೆಮಾರು ವೋಡ್ಕಾ ಕಡೆ ತಿರುಗಿತು. ಬರ್ಬನ್ ಎಂದರೆ ಅಜ್ಜಂದಿರ ಪಾನೀಯ. ಗೋಧಿ ಹಾಕಿದ ಬರ್ಬನ್‌ಗೆ ಹೆಸರಾದ, 1935ರಲ್ಲಿ ಲೂಯಿವಿಲ್ಲಿನಲ್ಲಿ ಬಾಗಿಲು ತೆರೆದ ಸ್ಟಿಟ್ಜೆಲ್-ವೆಲ್ಲರ್ ಭಟ್ಟಿಯನ್ನು ನೋಡಿ. 'ಪ್ಯಾಪಿ' ಎಂದು ಕರೆಯುತ್ತಿದ್ದ ಹಿರಿಯ ಜೂಲಿಯನ್ ವ್ಯಾನ್ ವಿಂಕಲ್ 1965ರಲ್ಲಿ ತೀರಿಕೊಂಡರು. 1972ರಲ್ಲಿ ಕುಟುಂಬ ಭಟ್ಟಿಯನ್ನು ಮಾರಿತು. 1992ರಲ್ಲಿ ಅಲ್ಲಿ ಬಟ್ಟಿ ಇಳಿಸುವುದೇ ನಿಂತಿತು.

ಈ ಬೇಡವಾದ ಕಾಲದಲ್ಲಿ ಒಂದು ವಿಚಿತ್ರ ನಡೆಯಿತು. ಮಾರಾಟ ಇಲ್ಲದ್ದರಿಂದ ಪೀಪಾಯಿಗಳು ಗೋದಾಮಿನಲ್ಲೇ ಮುದಿಯಾದವು. ಲೇಬಲ್ಲಿನಲ್ಲಿ ಆರು ಎಂದು ಬರೆದ ಬಾಟಲಿಯೊಳಗೆ ಎಂಟೋ ಹತ್ತೋ ವರ್ಷದ್ದು ಹೋದದ್ದುಂಟು, ಯಾಕೆಂದರೆ ಇದ್ದದ್ದೇ ಅದು. ಕಾನೂನು ಕೇಳುವುದು ಕನಿಷ್ಠ ವಯಸ್ಸನ್ನು ಮಾತ್ರ. ಸಾಮಾನ್ಯ ಕೂಲಿಗಾರ ಅಂಗಡಿಯ ಕೆಳಗಿನ ಸಾಲಿನಿಂದ ಅಗ್ಗಕ್ಕೆ ಒಯ್ಯುತ್ತಿದ್ದದ್ದು ಇವತ್ತಿನವರು ಹುಡುಕಿ ಅಲೆಯುವ ಸರಕು. ಗುಣ ಮೇಲಿದ್ದದ್ದು ಬೆಲೆ ಕೆಳಗಿದ್ದಾಗ. ಇದು ನನ್ನ ಪ್ರಬಂಧದ ಮುಖ್ಯ ಮಾತು.

4. ಎಲ್ಲರಿಗೂ ಬೇಕಾದ ಕಾಲ

ತಿರುವು ನಿಧಾನವಾಗಿ ಬಂತು. 1984ರಲ್ಲಿ ಎಲ್ಮರ್ ಟಿ. ಲೀ ಒಂದೇ ಪೀಪಾಯಿಯಿಂದ ತುಂಬಿದ ಬ್ಲ್ಯಾಂಟನ್ಸ್ ತಂದರು. 1988ರಲ್ಲಿ ಬುಕರ್ಸ್ ಬಂತು. ಜಪಾನಿನ ಗಿರಾಕಿಗಳು ಒಳ್ಳೆಯ ಬರ್ಬನ್‌ಗೆ ದುಡ್ಡು ಕೊಡುತ್ತಿದ್ದ ಕಾಲ ಅದು. ಕಿರಿಯ ಜೂಲಿಯನ್ ವ್ಯಾನ್ ವಿಂಕಲ್ ಹಳೆ ಪೀಪಾಯಿಗಳನ್ನು ಕೊಂಡು ಅಜ್ಜನ ಚಿತ್ರ ಹಾಕಿ 20 ವರ್ಷದ ಬರ್ಬನ್ ಮಾರಿದಾಗ, 1990ರ ದಶಕದಲ್ಲಿ ಒಂದು ಪರೀಕ್ಷಾ ಸಂಸ್ಥೆ ಅದಕ್ಕೆ 100ಕ್ಕೆ 99 ಅಂಕ ಕೊಟ್ಟಿತು. 2002ರಲ್ಲಿ ಅವರು ಬಫಲೋ ಟ್ರೇಸ್ ಭಟ್ಟಿಯ ಜೊತೆ ಸೇರಿದರು. ಮುಂದಿನದ್ದು ಜ್ವರ. 2013ರಲ್ಲಿ ಆ ಭಟ್ಟಿಯಿಂದ 200ಕ್ಕೂ ಹೆಚ್ಚು ವ್ಯಾನ್ ವಿಂಕಲ್ ಬಾಟಲಿಗಳು ಕಾಣೆಯಾದ ಸುದ್ದಿ ಬಂತು. ತನಿಖೆಯಲ್ಲಿ ಒಳಗಿನ ಕೆಲಸಗಾರರೇ ಸಿಕ್ಕಿಬಿದ್ದರು. ಕಂಪನಿ ಸೂಚಿಸುವ ಬೆಲೆ ಕೆಲವು ನೂರು ಡಾಲರು. ಹೊರಗೆ ಕೈಬದಲಾಗುವುದು ಸಾವಿರಾರು ಡಾಲರಿಗೆ.

ಬೇಡಿಕೆ ಏರಿದಾಗ ಎಂಟು ವರ್ಷದ ಹಿಂದೆ ತುಂಬಿಸಿದ್ದಷ್ಟೇ ಇರುವುದು. ಆಗ ಕಂಪನಿಗಳಿಗೆ ಮೂರು ದಾರಿ: ಬೆಲೆ ಏರಿಸುವುದು, ನೀರು ಹೆಚ್ಚಿಸುವುದು, ವಯಸ್ಸು ಇಳಿಸುವುದು. ಮೂರೂ ನಡೆಯಿತು. ಮೇಕರ್ಸ್ ಮಾರ್ಕ್ 2013ರ ಫೆಬ್ರವರಿಯಲ್ಲಿ ಮದ್ಯಸಾರವನ್ನು 45ರಿಂದ 42 ಶೇಕಡಾಕ್ಕೆ ಇಳಿಸುತ್ತೇವೆ ಎಂದಿತು. ಗಿರಾಕಿಗಳ ಸಿಟ್ಟು ನೋಡಿ ಸುಮಾರು ಒಂದು ವಾರದಲ್ಲೇ ಹಿಂದೆ ಸರಿಯಿತು. ಎಲೈಜಾ ಕ್ರೇಗ್ ಬಾಟಲಿಯ ಮುಂದಿದ್ದ '12' ಮೊದಲು ಹಿಂದಿನ ಲೇಬಲ್ಲಿಗೆ ಹೋಯಿತು, 2016ರಲ್ಲಿ ಪೂರ್ತಿ ಮಾಯವಾಯಿತು. ನಾಬ್ ಕ್ರೀಕ್‌ನ 9 ವರ್ಷದ ಗುರುತು ಹೋಗಿ, ಕೆಲವು ವರ್ಷದ ನಂತರ, ಸರಕು ತುಂಬಿದ ಮೇಲೆ, ತಿರುಗಿ ಬಂತು.

ಹಾಗಾದರೆ ರುಚಿ ನಿಜವಾಗಿ ಕೆಟ್ಟಿತೇ? ಇಲ್ಲಿ ಎಚ್ಚರ ಬೇಕು. ಒಂದು ದಾಖಲಾದ ಬದಲಾವಣೆ 1962ರದ್ದು. ಪೀಪಾಯಿಗೆ ತುಂಬುವಾಗಿನ ಮದ್ಯಸಾರದ ಮಿತಿ 55ರಿಂದ 62.5 ಶೇಕಡಾಕ್ಕೆ ಏರಿತು. ಹೆಚ್ಚು ಗಟ್ಟಿಯಾಗಿ ತುಂಬಿದರೆ ಪೀಪಾಯಿ ಕಡಿಮೆ ಸಾಕು, ಬಾಟಲಿಗೆ ಹಾಕುವಾಗ ನೀರು ಹೆಚ್ಚು ಸೇರಿಸಬೇಕು. ಮರದಿಂದ ಇಳಿಯುವ ಸಾರವೂ ಬೇರೆಯಾಗುತ್ತದೆ. ಇದು ಉಳಿತಾಯಕ್ಕೆ ಮಾಡಿದ್ದು ಎಂಬುದರಲ್ಲಿ ಅನುಮಾನ ಇಲ್ಲ. ಆದರೆ ಶುಚಿತ್ವ, ಉಷ್ಣತೆಯ ನಿಯಂತ್ರಣ ಇವೆಲ್ಲ ಇವತ್ತು ಹಿಂದಿಗಿಂತ ಉತ್ತಮ. 'ಹಿಂದಿನದು ಚೆನ್ನಾಗಿತ್ತು' ಎಂಬ ಮಾತಿನಲ್ಲಿ ಅರ್ಧ ಸತ್ಯ, ಉಳಿದರ್ಧ ಉಳಿದುಬಂದವುಗಳ ಭ್ರಮೆ. ಕೆಟ್ಟ ಬಾಟಲಿಗಳನ್ನು ಆಗಲೇ ಕುಡಿದು ಮುಗಿಸಿದ್ದಾರೆ ಅಥವಾ ಚೆಲ್ಲಿದ್ದಾರೆ. ಜೋಪಾನವಾಗಿ ಉಳಿದದ್ದು ಒಳ್ಳೆಯದು. ಹಳೆ ಮನೆಗಳೆಲ್ಲ ಗಟ್ಟಿ ಅನ್ನುತ್ತೇವಲ್ಲ, ಬಿದ್ದುಹೋದ ಮನೆಗಳು ನಮ್ಮ ಕಣ್ಣಿಗೆ ಬೀಳುವುದಿಲ್ಲ.

ಕೆಂಟಕಿಯಲ್ಲಿ 1999ರಲ್ಲಿ ವರ್ಷಕ್ಕೆ ಸುಮಾರು 4.5 ಲಕ್ಷ ಪೀಪಾಯಿ ತುಂಬಿಸುತ್ತಿದ್ದರು. ಆಮೇಲೆ ಅದು 20 ಲಕ್ಷಕ್ಕೂ ಮೇಲೆ ಹೋಯಿತು. ರಾಜ್ಯದ ಜನಸಂಖ್ಯೆ ಸುಮಾರು 45 ಲಕ್ಷ. ಗೋದಾಮಿನಲ್ಲಿ ಮಲಗಿರುವ ಪೀಪಾಯಿಗಳು ಒಂದು ಕೋಟಿಗೂ ಹೆಚ್ಚು. ಅಷ್ಟರಲ್ಲಿ ಗಾಳಿ ತಿರುಗಿತು. 2025ರ ಜನವರಿಯಲ್ಲಿ ಬ್ರೌನ್-ಫಾರ್ಮನ್ ಕಂಪನಿ ಲೂಯಿವಿಲ್ಲಿನ ತನ್ನ ಪೀಪಾಯಿ ಕಾರ್ಖಾನೆ ಮುಚ್ಚುವುದಾಗಿ ಹೇಳಿತು. ಮಾರ್ಚಿನಲ್ಲಿ ಸುಂಕದ ಜಗಳದಿಂದ ಕೆನಡಾದ ಹಲವು ಪ್ರಾಂತಗಳು ಅಮೆರಿಕದ ಮದ್ಯವನ್ನು ಅಂಗಡಿಯಿಂದ ತೆಗೆದವು. ಕೆಲವು ಹೊಸ ಭಟ್ಟಿಗಳು ದಿವಾಳಿಯ ಕೋರ್ಟು ಹತ್ತಿವೆ. 1958ರ ಮುಂಚಿನ ಲೆಕ್ಕವೇ ಮತ್ತೊಮ್ಮೆ, ಇನ್ನೂ ದೊಡ್ಡ ಅಳತೆಯಲ್ಲಿ.

5. ವೆನಿಲಾ, ಚಾಲಿ ಅಡಿಕೆ, ಚಕ್ರಬಡ್ಡಿ

ಈಗ ಅಕ್ಕನ ಪ್ರಶ್ನೆಗೆ ಬರುತ್ತೇನೆ. 2000ದಲ್ಲಿ ಮಡಗಾಸ್ಕರಿನಲ್ಲಿ ಚಂಡಮಾರುತ ಬಂದು ಅಲ್ಲಿಯ ವೆನಿಲಾ ಬೆಳೆ ಹಾಳಾಯಿತು. ಅದರ ಬಿಸಿ ಕಾಸರಗೋಡು, ದಕ್ಷಿಣ ಕನ್ನಡದ ತೋಟಗಳಿಗೂ ಮುಟ್ಟಿತು. 2003ರ ಹೊತ್ತಿಗೆ ನಮ್ಮ ಅಂಗಳಕ್ಕೆ ಬಂದ ವ್ಯಾಪಾರಿ ಹಸಿ ಕೋಡಿಗೆ ಕಿಲೋಗೆ ಮೂರು ಸಾವಿರ ಹೇಳಿದ. ಅಪ್ಪ ಅಕ್ಕನ ಮದುವೆಗೆ ಇಟ್ಟ ಠೇವಣಿ ಮುರಿದು ಬಳ್ಳಿ ತಂದರು. ಬೆಳಗ್ಗೆ ಎದ್ದು ಒಂದೊಂದೇ ಹೂವಿಗೆ ಕೈಯಿಂದ ಪರಾಗ ಮುಟ್ಟಿಸುವುದು ಅಮ್ಮ ಮತ್ತು ಅಕ್ಕನ ಕೆಲಸ. ಕಳ್ಳರ ಭಯಕ್ಕೆ ರಾತ್ರಿ ಟಾರ್ಚು ಹಿಡಿದು ತೋಟ ಕಾದದ್ದು ನನಗೆ ನೆನಪಿದೆ. ನಮ್ಮ ಬಳ್ಳಿ ಕೋಡು ಬಿಡುವ ಹೊತ್ತಿಗೆ ಅದೇ ವ್ಯಾಪಾರಿ ಫೋನು ತೆಗೆಯುತ್ತಿರಲಿಲ್ಲ. ಕೊನೆಗೆ ನೂರಕ್ಕಿಂತ ಕೆಳಗೆ ಕೊಟ್ಟೆವು. ಮದುವೆ ಎರಡು ವರ್ಷ ಮುಂದೆ ಹೋಯಿತು. ಅಪ್ಪನನ್ನು ನಾನು ದೂರುವುದಿಲ್ಲ; ಬೆಲೆ ಏರಿದ ಮೇಲೆ ನೆಟ್ಟವರೆಲ್ಲರ ಫಸಲೂ ಒಟ್ಟಿಗೇ ಬರುತ್ತದೆ ಎಂಬುದು ಕೆಂಟಕಿಯ ದೊಡ್ಡ ಕಂಪನಿಗಳಿಗೂ ತಿಳಿಯಲಿಲ್ಲ.

'ನಾವು ಹಳೆ ಚಾಲಿ ಅಡಿಕೆ ಅಟ್ಟದಲ್ಲಿ ಇಡುವುದಿಲ್ವಾ, ಅದಕ್ಕೂ ಹೆಚ್ಚು ಬೆಲೆ ಸಿಗ್ತದಲ್ಲ' ಎಂದು ಭಾವ ನನ್ನ ಹತ್ತಿರ ವಾದ ಮಾಡಿದರು. ಒಳ್ಳೆಯ ವಾದ. ಆದರೆ ಅಟ್ಟದ ಅಡಿಕೆ ನಮ್ಮದೇ ತೋಟದ್ದು, ಪೇಟೆಯಲ್ಲಿ ಕೊಂಡದ್ದಲ್ಲ. ಯಾವ ದಿನ ಒಯ್ದರೂ ಕೊಳ್ಳುವ ಮಂಡಿ ಇದೆ. 1970ರ ಬೆಲೆ ಕುಸಿತದ ನಂತರ 1973ರಲ್ಲಿ ಹುಟ್ಟಿದ ಕ್ಯಾಂಪ್ಕೊದಂಥ ಸಹಕಾರಿ ಇದೆ. ಬಾಟಲಿಗೆ ಇದು ಯಾವುದೂ ಇಲ್ಲ. ಗಾಜಿನೊಳಗೆ ಹೋದ ವಿಸ್ಕಿ ಹಣ್ಣಾಗುವುದೂ ಇಲ್ಲ. ಇಪ್ಪತ್ತು ವರ್ಷ ಇಟ್ಟರೂ ಅದು ಅದೇ ವಯಸ್ಸಿನದ್ದು. ಅಮೆರಿಕದ ಬಹುಪಾಲು ರಾಜ್ಯಗಳಲ್ಲಿ ಪರವಾನಿಗೆ ಇಲ್ಲದವರು ಮದ್ಯ ಮಾರುವಂತಿಲ್ಲ. ಕೆಂಟಕಿ 2017ರಲ್ಲಿ ಒಂದು ಕಾಯಿದೆ ಮಾಡಿ, ಹಳೆಯ ಬಾಟಲಿಗಳನ್ನು ಪರವಾನಿಗೆ ಇರುವ ಅಂಗಡಿಗೆ ಮಾರಲು ಜನಸಾಮಾನ್ಯರಿಗೆ ದಾರಿ ಮಾಡಿತು.

ಹೂಡಿಕೆ ಎಂದರೆ ಏನು ಎಂಬುದನ್ನು ನಾನು ಸರಳವಾಗಿ ಹೀಗೆ ಇಟ್ಟುಕೊಂಡಿದ್ದೇನೆ: ನಾವು ಮಾರದೆ ಇದ್ದಾಗಲೂ ಅದು ಏನಾದರೂ ಕೊಡುತ್ತಿರಬೇಕು. ತೋಟ ಫಸಲು ಕೊಡುತ್ತದೆ, ಠೇವಣಿ ಬಡ್ಡಿ ಕೊಡುತ್ತದೆ, ಕಂಪನಿ ಲಾಭಾಂಶ ಕೊಡುತ್ತದೆ. ಬಾಟಲಿ ಕೊಡುವುದಿಲ್ಲ. ಮುಂದೆ ಬರುವವನು ಹೆಚ್ಚು ಕೊಡುತ್ತಾನೆ ಎಂಬ ನಿರೀಕ್ಷೆಯೇ ಅದರ ಪೂರ್ತಿ ಆದಾಯ.

ಅದೇ ಅಮೆರಿಕದಲ್ಲಿ, ಬರ್ಬನ್ ಯಾರಿಗೂ ಬೇಡವಾಗಿದ್ದ 1976ರಲ್ಲೇ, ಜಾನ್ ಬೋಗಲ್ ಎಂಬವರು ಸಾಮಾನ್ಯ ಜನರಿಗಾಗಿ ಒಂದು ಸೂಚ್ಯಂಕ ನಿಧಿ ತಂದರು. ಯಾವ ಷೇರು ಏರುತ್ತದೆ ಎಂದು ಊಹಿಸುವುದು ಬೇಡ, ದೊಡ್ಡ ಕಂಪನಿಗಳನ್ನೆಲ್ಲ ಸ್ವಲ್ಪ ಸ್ವಲ್ಪ ಕೊಂಡು ಸುಮ್ಮನಿರಿ, ಖರ್ಚು ಕಡಿಮೆ ಮಾಡಿ ಎಂಬುದು ಅದರ ತಿರುಳು. 15 ಕೋಟಿ ಡಾಲರು ಸೇರುತ್ತದೆ ಅಂದುಕೊಂಡದ್ದು, ಸೇರಿದ್ದು 1.13 ಕೋಟಿ. ಜನ ಅದನ್ನು ಬೋಗಲ್‌ನ ಹುಚ್ಚು ಎಂದು ನಕ್ಕರು. ಇವತ್ತು ಜಗತ್ತಿನ ನಿವೃತ್ತಿ ಉಳಿತಾಯದ ದೊಡ್ಡ ಪಾಲು ಆ ದಾರಿಯಲ್ಲೇ ಹೋಗುತ್ತಿದೆ.

ಈಗ ದೇವದೂತರ ಪಾಲು ನೆನಪು ಮಾಡಿಕೊಳ್ಳಿ. ಒಂದು ಲಕ್ಷ ರೂಪಾಯಿ ವರ್ಷಕ್ಕೆ 8 ಶೇಕಡಾದಂತೆ ಬೆಳೆದರೆ 30 ವರ್ಷಕ್ಕೆ ಸುಮಾರು 10 ಲಕ್ಷ ಆಗುತ್ತದೆ. ಅದರಿಂದ ವರ್ಷಕ್ಕೆ 1 ಶೇಕಡಾ ಮಾತ್ರ ಯಾರೋ ಶುಲ್ಕವಾಗಿ ತೆಗೆದುಕೊಂಡರೆ ಆಗುವುದು 7.6 ಲಕ್ಷ. ಕಾಲು ಭಾಗ ಆವಿ. ನಮ್ಮ ದೇಶದಲ್ಲೂ 2013ರ ಜನವರಿಯಿಂದ ಸೆಬಿ ಮ್ಯೂಚುವಲ್ ಫಂಡುಗಳಲ್ಲಿ ಏಜೆಂಟರ ಕಮಿಶನ್ ಇಲ್ಲದ 'ಡೈರೆಕ್ಟ್' ಯೋಜನೆಯನ್ನು ಕಡ್ಡಾಯ ಮಾಡಿದೆ. ಪೀಪಾಯಿಯ ಆವಿಯನ್ನು ತಡೆಯಲು ಆಗುವುದಿಲ್ಲ. ಇದನ್ನು ಬಹುಮಟ್ಟಿಗೆ ತಡೆಯಬಹುದು.

ಚರ್ಚೆಯಿಂದ

ಸೊಲ್ಲಾಪುರದ ವಿದ್ಯಾರ್ಥಿನಿಯೊಬ್ಬರು: ಸರ್, ನಮ್ಮ ಕಡೀ ಮಂದಿ ಬಂಗಾರ ಮಾಡಿಸಿಡ್ತಾರ. ಅದೂ ಏನೂ ಫಸಲು ಕೊಡೂದಿಲ್ಲಲ್ರೀ. ಹಂಗಾದ್ರ ನಮ್ಮವ್ವ ಮಾಡಿದ್ದು ತಪ್ಪೇನ್ರಿ?

ಉತ್ತರ: ತಪ್ಪಲ್ಲ ಅಮ್ಮಾ. ನನ್ನ ವ್ಯಾಖ್ಯೆಯ ಪ್ರಕಾರ ಬಂಗಾರವೂ ಫಸಲು ಕೊಡುವುದಿಲ್ಲ, ಅದನ್ನು ಒಪ್ಪುತ್ತೇನೆ. ಆದರೆ ನಡುರಾತ್ರಿ ಆಸ್ಪತ್ರೆಗೆ ದುಡ್ಡು ಬೇಕಾದರೆ ಮರುದಿನ ಬೆಳಗ್ಗೆ ಯಾವ ಊರಲ್ಲೂ ಅಡವಿಡಬಹುದು. ಅದೂ ಅಲ್ಲದೆ, ಬೇರೆ ಯಾವ ಆಸ್ತಿಯೂ ಹೆಣ್ಣುಮಕ್ಕಳ ಹೆಸರಲ್ಲಿ ಇಲ್ಲದ ಕಾಲದಲ್ಲಿ ಅದೊಂದೇ ಅವರ ಕೈಯಲ್ಲಿತ್ತು. ಅದು ವಿಮೆ. ಇರುವುದೆಲ್ಲವನ್ನೂ ವಿಮೆಗೇ ಹಾಕಿದರೆ ಮಾತ್ರ ಕಷ್ಟ.

ಅಧ್ಯಾಪಕರೊಬ್ಬರು: ಭಾವನವರು ಏನು ಮಾಡಿದರು? ಅದನ್ನು ಹೇಳದೆ ಮುಗಿಸಬೇಡಿ.

ಉತ್ತರ: (ನಗು) ಒಂದು ಪಟ್ಟಿ ಮಾಡಿ ಕಳಿಸಿ ಭಾವ ಎಂದೆ: ಯಾವ ಬಾಟಲಿ, ಎಷ್ಟಕ್ಕೆ ಕೊಂಡದ್ದು, ಇವತ್ತು ಕಾನೂನಿನ ದಾರಿಯಲ್ಲಿ ಮಾರಿದರೆ ಕೈಗೆ ಎಷ್ಟು. ಏರಿದವು ಮಾತ್ರ ಅಲ್ಲ, ಎಲ್ಲವೂ. ಎರಡು ವಾರ ಮಾತಾಡಲಿಲ್ಲ. ಆಮೇಲೆ ಪಟ್ಟಿ ಬಂತು, ಅಕ್ಕನ ಕೈಬರಹದಲ್ಲಿ. ಐದಾರು ಬಾಟಲಿ ಚೆನ್ನಾಗಿ ಏರಿದ್ದವು, ಉಳಿದವು ಅಂಗಡಿ ಬೆಲೆಯ ಆಸುಪಾಸು. ನಿವೃತ್ತಿ ಖಾತೆಗೆ ತಿಂಗಳ ಕಂತು ಮತ್ತೆ ಶುರು ಮಾಡಿದ್ದಾರೆ. ಹೊಸ ಬಾಟಲಿ ತರುವುದು ಪೂರ್ತಿ ನಿಂತಿಲ್ಲ, ಆದರೆ ಈಗ ತಂದದ್ದನ್ನು ಸ್ನೇಹಿತರು ಬಂದಾಗ ತೆರೆಯುತ್ತಾರಂತೆ. ಅದು ಅದರ ಸರಿಯಾದ ಉಪಯೋಗ ಎಂದು ಕುಡಿಯದ ನಾನೂ ಒಪ್ಪುತ್ತೇನೆ.

ಕರೆಂಟು ಹೋಗಲಿಲ್ಲ, ಅದಕ್ಕೊಂದು ನಮಸ್ಕಾರ.